ಬೂಟು ಹೊಲಿಯುತ್ತಿದ್ದ ಸಭಾಪಾಲಕರು



ನಮ್ಮ ತಾತ ಸಂತೆಯಲ್ಲಿ ಚಪ್ಪಲಿ ರಿಪೇರಿ ಮಾಡ್ತಾರೆ ಅಂತ ನಿಮಗೆಲ್ಲ ಗೊತ್ತು. ಕೆಲವರು ನಗ್ತೀರಿ ಕೂಡ. ಅದಕ್ಕೇ ಈ ಸಲ ವಿಲಿಯಂ ಕೇರಿ ಎಂಬುವರ ವಿಷಯ ಬರೆಯುತ್ತಿದ್ದೇನೆ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗಲೇ ಬೂಟು ಹೊಲಿಯುವ ಕೆಲಸಕ್ಕೆ ಸೇರಿದರು. 1783ರಲ್ಲಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಪಂಗಡಕ್ಕೆ ಬಂದರು. ಈ ಪಂಗಡದಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಇಲ್ಲ. ತಿಳಿವಳಿಕೆ ಬಂದು ತಾವಾಗಿಯೇ ಒಪ್ಪಿದವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ಅಂಥವರು ನಾಲ್ಕು ಜನ ಕೂಡಿದರೂ ಅದು ಸಭೆಯೇ. ಕಟ್ಟಡ ಆಮೇಲೆ.

ಸಭೆ ನಡೆಸುವವರಿಗೆ ಸಭಾಪಾಲಕರು ಅಂತಾರೆ. 'ನನ್ನನ್ನು ದೇವರು ಕರೆದಿದ್ದಾನೆ' ಅಂತ ತಾನೇ ಹೇಳಿಕೊಂಡರೆ ಸಾಲದು, ಸಭೆಯವರೂ ಪರೀಕ್ಷೆ ಮಾಡಿ ಒಪ್ಪಬೇಕು. 1785ರಲ್ಲಿ ಕೇರಿಯವರು ಓಲ್ನಿ ಎಂಬ ಊರಿನ ಸಭೆಯ ಮುಂದೆ ಉಪದೇಶ ಮಾಡಿದರು. ಅವರಿಗೆ ಸಮಾಧಾನ ಆಗಲಿಲ್ಲ! ಇನ್ನೂ ಕೆಲವು ಕಾಲ ಮಾಡುತ್ತಿರಿ, ನೋಡೋಣ ಅಂದರು. ಅಂದರೆ ಅವರೂ ಒಂದು ಸಲ ಫೇಲು. 1786ರಲ್ಲಿ ಎಲ್ಲರೂ ಒಪ್ಪಿದರು. ಮೌಲ್ಟನ್ ಎಂಬ ಹಳ್ಳಿಯ ಸಭಾಪಾಲಕರಾದರು. ಸಂಬಳ ಸಾಲದೆ ಅಲ್ಲೂ ಬೂಟು ಹೊಲಿದರು.

1793ರಲ್ಲಿ ಹೆಂಡತಿ ಮಕ್ಕಳ ಜೊತೆ ಹಡಗಿನಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷ ಪೀಟರ್ ಎಂಬ ಚಿಕ್ಕ ಮಗ ತೀರಿಕೊಂಡ. ಹೆಂಡತಿ ಡೊರೊತಿಯವರಿಗೆ ಬುದ್ಧಿಭ್ರಮಣೆಯಾಯಿತು. ಆಯಮ್ಮನಿಗೆ ಮೊದಲಿನಿಂದ ಬರುವ ಮನಸ್ಸೇ ಇರಲಿಲ್ಲವಂತೆ. ದೇವರು ಕರೆದದ್ದು ಗಂಡನನ್ನು, ಕಷ್ಟ ಬಿದ್ದದ್ದು ಅವರೂ. ಇದು ನನಗೆ ಸರಿ ಅನ್ನಿಸಲಿಲ್ಲ.

ಆಗ ಇಂಗ್ಲಿಷ್ ಕಂಪನಿಯವರಿಗೆ ಮಿಷನರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಸೆರಾಂಪುರ ಮಾತ್ರ ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿ 1800ರ ಏಪ್ರಿಲ್ 24ರಂದು ಸಭೆ ಸ್ಥಾಪಿಸಿದರು. ಕೇರಿಯವರೇ ಸಭಾಪಾಲಕರು. ಆದರೆ ಇದ್ದವರೆಲ್ಲ ಅವರವರೇ, ಬಂಗಾಳದವರು ಒಬ್ಬರೂ ಇಲ್ಲ!

ಆಮೇಲೆ ಕೃಷ್ಣ ಪಾಲ್ ಎಂಬ ಬಡಗಿ ಜಾರಿ ಬಿದ್ದು ತೋಳಿನ ಕೀಲು ತಪ್ಪಿಸಿಕೊಂಡರು. ಮಿಷನ್ನಿನ ಡಾಕ್ಟರು ಅದನ್ನು ಸರಿ ಮಾಡಿದರು. ಹಾಗೆ ಪರಿಚಯ ಬೆಳೆಯಿತು. ಒಂದು ದಿನ ಕೃಷ್ಣ ಪಾಲ್ ಅವರ ಜೊತೆ ಕೂತು ಊಟ ಮಾಡಿದರು. ಜಾತಿ ಕೆಡಿಸಿಕೊಂಡ ಅಂತ ಜನ ಗುಂಪುಕಟ್ಟಿ ಅಧಿಕಾರಿಯ ಹತ್ತಿರ ಎಳೆದುಕೊಂಡು ಹೋದರು. ಅಧಿಕಾರಿ ಬಿಟ್ಟುಬಿಟ್ಟರು. ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಅವರಿಗೆ ದೀಕ್ಷಾಸ್ನಾನ ಆಯಿತು. 1803ರಲ್ಲಿ ಅವರ ಮಗಳನ್ನು ಸಭೆಗೆ ಸೇರಿದ್ದ ಒಬ್ಬ ಬ್ರಾಹ್ಮಣ ಹುಡುಗ ಮದುವೆಯಾದ.

ಕೇರಿಯವರು 1817ರಲ್ಲಿ ಕನ್ನಡ ವ್ಯಾಕರಣದ ಪುಸ್ತಕವನ್ನೂ ಅಚ್ಚು ಹಾಕಿಸಿದರು. ನಮಗೇ ವಿಭಕ್ತಿ ಪ್ರತ್ಯಯ ಬಾಯಿಗೆ ಬರಲ್ಲ!

ಒಂದು ಸಲ ದೊಡ್ಡವರ ಊಟದಲ್ಲಿ ಯಾರೋ, ಇವರು ಬೂಟು ಹೊಲಿಯುವವರಲ್ಲವೇ ಅಂತ ಹಂಗಿಸಿದರಂತೆ. ಅಲ್ಲ, ಬರೀ ರಿಪೇರಿ ಮಾಡುವವನು ಅಂದರಂತೆ ಕೇರಿಯವರು. ಇದನ್ನು ತಾತನಿಗೆ ಓದಿ ಹೇಳಿದೆ. ತಾತ ನಕ್ಕು, "ಬರೀ ರಿಪೇರಿ ಅಂದ್ರಾ? ಹೊಸದು ಹೊಲಿಯೋಕಿಂತ ಅದೇ ಕಷ್ಟ ಕಣೋ" ಅಂದರು.

– 7ನೇ ತರಗತಿ ವಿದ್ಯಾರ್ಥಿ