ವ್ಯಾಟ್ ಬೇರೆ, ಯೂನಿಟ್ ಬೇರೆ

ಹತ್ತನೇ ತರಗತಿಯ ಹುಡುಗನನ್ನು 'ಸಾಮರ್ಥ್ಯದ ಏಕಮಾನ ಯಾವುದು?' ಎಂದು ಕೇಳಿದರೆ 'ವ್ಯಾಟ್' ಎಂದು ಥಟ್ಟನೆ ಹೇಳುತ್ತಾನೆ. ಪರೀಕ್ಷೆಯಲ್ಲಿ ಒಂದು ಅಂಕ ಖಾತ್ರಿ. ಅದೇ ಹುಡುಗನ ಕೈಗೆ ಮನೆಯ ಕರೆಂಟ್ ಬಿಲ್ ಕೊಟ್ಟು, 'ಇಲ್ಲಿ ಒಂದು ಕಡೆ ಕಿಲೋವ್ಯಾಟ್ ಎಂದಿದೆ, ಇನ್ನೊಂದು ಕಡೆ ಯೂನಿಟ್ ಎಂದಿದೆ. ಎರಡಕ್ಕೂ ಏನು ವ್ಯತ್ಯಾಸ?' ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಅಪ್ಪನ ಮುಖ ನೋಡುತ್ತಾನೆ. ಅಪ್ಪ ಕನ್ನಡಕ ಹುಡುಕಲು ಎದ್ದು ಹೋಗುತ್ತಾರೆ!

ಇಷ್ಟು ಕಾಲ ಈ ವ್ಯತ್ಯಾಸ ತಿಳಿಯದಿದ್ದರೂ ಸಂಸಾರ ನಡೆಯುತ್ತಿತ್ತು. ಬಿಲ್ ಬರುತ್ತಿತ್ತು, ಹಣ ಕಟ್ಟಿದರೆ ಮುಗಿಯಿತು. ಈಗ ಹಾಗಲ್ಲ. ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಂಡರೆ ಕೇಂದ್ರ ಸರ್ಕಾರವೇ ಸಹಾಯಧನ ಕೊಡುತ್ತದೆ. 2024ರಲ್ಲಿ ಆರಂಭವಾದ 'ಪಿಎಂ ಸೂರ್ಯಘರ್' ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಾದರೆ 78,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಸಹಾಯಧನ ಕಳೆದ ಮೇಲೂ ಮನೆಯವರು ಕೈಯಿಂದ ಹಾಕಬೇಕಾದ ಹಣ ಸಣ್ಣದಲ್ಲ. ಮಾರುವವರ ಬಾಯಲ್ಲಿ ಓಡಾಡುವ ನಾಲ್ಕೈದು ಪದಗಳ ಅರ್ಥ ತಿಳಿಯದೆ ಸಹಿ ಹಾಕಿದರೆ ನಂತರ ಪರಿತಪಿಸಬೇಕಾದೀತು.

ನಲ್ಲಿ ಮತ್ತು ಬಿಂದಿಗೆ

ವ್ಯಾಟ್ ಎಂಬುದು ನಲ್ಲಿಯ ಧಾರೆಯಂತೆ. ನೀರು ಎಷ್ಟು ರಭಸವಾಗಿ ಬರುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಯೂನಿಟ್ ಎಂಬುದು ಬಿಂದಿಗೆಯಲ್ಲಿ ತುಂಬಿದ ನೀರು. ಧಾರೆ ದಪ್ಪವಾಗಿದ್ದರೂ ಅರ್ಧ ನಿಮಿಷದಲ್ಲಿ ನಲ್ಲಿ ನಿಂತರೆ ಬಿಂದಿಗೆ ತುಂಬದು. ಸಣ್ಣ ಧಾರೆಯಾದರೂ ರಾತ್ರಿಯಿಡೀ ಬಂದರೆ ಹಂಡೆಯೇ ತುಂಬೀತು.

1000 ವ್ಯಾಟ್ ಸೇರಿದರೆ 1 ಕಿಲೋವ್ಯಾಟ್. 1 ಕಿಲೋವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವ ಶಕ್ತಿಯೇ 1 ಕಿಲೋವ್ಯಾಟ್-ಗಂಟೆ. ಅದನ್ನೇ ನಾವು ಯೂನಿಟ್ ಎನ್ನುತ್ತೇವೆ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ನುಂಗುತ್ತದೆ. 10 ವ್ಯಾಟ್‌ನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್‌ನಲ್ಲಿ ನೂರು ಗಂಟೆ ಉರಿಯುತ್ತದೆ. ರೈತರಿಗೆ ಪರಿಚಿತವಾದ ಎಚ್.ಪಿ. ಕೂಡ ಧಾರೆಯ ಅಳತೆಯೇ. 1 ಎಚ್.ಪಿ. ಎಂದರೆ ಸುಮಾರು 746 ವ್ಯಾಟ್. 5 ಎಚ್.ಪಿ. ಪಂಪ್‌ಸೆಟ್ ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ ನಾಲ್ಕು ಯೂನಿಟ್ ಖರ್ಚು.

ಬಿಲ್‌ನಲ್ಲಿ ಎರಡೂ ಇರುವುದು ಇದಕ್ಕೇ. ಮನೆಗೆ ಮಂಜೂರಾದ ಲೋಡ್ ಕಿಲೋವ್ಯಾಟ್‌ನಲ್ಲಿರುತ್ತದೆ. ಬಳಸಿದ ವಿದ್ಯುತ್ತು ಯೂನಿಟ್‌ನಲ್ಲಿರುತ್ತದೆ.

ಫಲಕದ ಬೆನ್ನ ಮೇಲಿನ ಸಂಖ್ಯೆ

ಮೊದಲಿಗೆ 'ಸೋಲಾರ್' ಎಂಬ ಪದವನ್ನೇ ಬಿಡಿಸಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಬಹುಕಾಲ ಸೋಲಾರ್ ಎಂದರೆ ಸ್ನಾನಕ್ಕೆ ನೀರು ಕಾಯಿಸುವ ಯಂತ್ರವೇ ಆಗಿತ್ತು. ಅದು ಬಿಸಿಲಿನ ಶಾಖವನ್ನು ಹಿಡಿಯುತ್ತದೆ, ವಿದ್ಯುತ್ತನ್ನು ತಯಾರಿಸುವುದಿಲ್ಲ. ಅದನ್ನು ಅಳೆಯುವುದು ಲೀಟರ್‌ಗಳಲ್ಲಿ. ವಿದ್ಯುತ್ ಕೊಡುವ ಸೌರಫಲಕ ಹಿಡಿಯುವುದು ಬೆಳಕನ್ನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೂವರು ವಿಜ್ಞಾನಿಗಳು ಸಿಲಿಕಾನ್‌ನಿಂದ ತಯಾರಿಸಿ ತೋರಿಸಿದ ಸೌರಕೋಶ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಬದಲಿಸುತ್ತಿತ್ತು. ಈ ಪ್ರಮಾಣಕ್ಕೆ 'ದಕ್ಷತೆ' ಎಂದು ಹೆಸರು. ಇಂದು ಮಾರುಕಟ್ಟೆಯಲ್ಲಿರುವ ಒಳ್ಳೆಯ ಫಲಕಗಳ ದಕ್ಷತೆ ಶೇ 20ನ್ನು ದಾಟಿದೆ.

ಫಲಕದ ಬೆನ್ನ ಮೇಲೆ '540 ವ್ಯಾಟ್' ಎಂದು ಬರೆದಿದ್ದರೆ ಅದು ಗರಿಷ್ಠ ವ್ಯಾಟ್, ಅಂದರೆ 'ಪೀಕ್ ವ್ಯಾಟ್'. ಒಂದು ಚದರ ಮೀಟರಿಗೆ 1000 ವ್ಯಾಟ್‌ನಷ್ಟು ಬೆಳಕು ಬಿದ್ದು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಪ್ರಯೋಗಾಲಯದಲ್ಲಿ ಅಳೆದ ಅಂಕಿ. ತಾರಸಿಯ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಅಷ್ಟು ಬೆಳಕಿರುವುದಿಲ್ಲ. ಮಧ್ಯಾಹ್ನ ಬೆಳಕಿದ್ದರೆ ಫಲಕ ಕಾದು ಕಾವಲಿಯಾಗಿರುತ್ತದೆ. ಕೋಶ 25 ಡಿಗ್ರಿ ಮೀರಿ ಬಿಸಿಯಾದಂತೆ, ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಬಿಸಿಲು ಚುರುಗುಟ್ಟಿದಷ್ಟೂ ಕರೆಂಟ್ ಹೆಚ್ಚು ಎಂಬ ಎಣಿಕೆ ಆದ್ದರಿಂದ ತಪ್ಪು.

ನಮ್ಮ ರಾಜ್ಯದ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂದು ಹಿಡಿಯುವುದು ಸ್ಥೂಲ ಲೆಕ್ಕ. ಮಳೆಗಾಲದಲ್ಲಿ ಅದು ಇಳಿಯುತ್ತದೆ, ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಳಿಯುತ್ತದೆ.

ಪಾವಗಡದ ಲೆಕ್ಕ

ತಾರಸಿಗೆ ಅನ್ವಯಿಸುವ ಮಾತು ದೊಡ್ಡ ಸ್ಥಾವರಕ್ಕೂ ಅನ್ವಯಿಸುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನ ಹರಡಿಕೊಂಡಿದೆ. ಮಳೆ ಕೈಕೊಟ್ಟ ಸೀಮೆಯ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. 2018ರಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಸಾಮರ್ಥ್ಯ 2050 ಮೆಗಾವ್ಯಾಟ್ ಮುಟ್ಟಿತು. (1000 ಕಿಲೋವ್ಯಾಟ್‌ಗೆ 1 ಮೆಗಾವ್ಯಾಟ್.)

ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಸಾಮರ್ಥ್ಯ 880 ಮೆಗಾವ್ಯಾಟ್. ಹಾಗಾದರೆ ಪಾವಗಡ ಕೈಗಾಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವಿದ್ಯುತ್ ಕೊಡುತ್ತದೆಯೇ? ಇಲ್ಲ. ಸೂರ್ಯ ರಾತ್ರಿ ರಜೆ ಹಾಕುತ್ತಾನೆ, ಮೋಡ ಬಂದರೆ ಮುಖ ಮುಚ್ಚಿಕೊಳ್ಳುತ್ತಾನೆ. ಅಣುಸ್ಥಾವರ ಹಗಲು ರಾತ್ರಿ ನಡೆಯುತ್ತದೆ. ಕೈಗಾದ ಮೊದಲನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದದ್ದು ಅಂದಿಗೆ ವಿಶ್ವದಾಖಲೆ.

ಪೂರ್ಣ ಸಾಮರ್ಥ್ಯದಲ್ಲಿ ವರ್ಷವಿಡೀ ನಡೆದಿದ್ದರೆ ಬರಬಹುದಾಗಿದ್ದ ಯೂನಿಟ್‌ಗಳಲ್ಲಿ ನಿಜವಾಗಿ ಬಂದದ್ದು ಶೇಕಡ ಎಷ್ಟು ಎಂಬುದಕ್ಕೆ 'ಸಾಮರ್ಥ್ಯ ಬಳಕೆಯ ಪ್ರಮಾಣ' ಎನ್ನಬಹುದು. ಉದಾಹರಣೆಗಾಗಿ ಸೌರ ಉದ್ಯಾನಕ್ಕೆ ಶೇ 20, ಅಣುಸ್ಥಾವರಕ್ಕೆ ಶೇ 85 ಎಂದು ಹಿಡಿದು ಮಕ್ಕಳು ಗುಣಿಸಿ ನೋಡಲಿ. ವರ್ಷಕ್ಕೆ 8760 ಗಂಟೆ. 2050 ಮೆಗಾವ್ಯಾಟ್‌ನಿಂದ ಸುಮಾರು 359 ಕೋಟಿ ಯೂನಿಟ್ ಬರುತ್ತದೆ. 880 ಮೆಗಾವ್ಯಾಟ್‌ನಿಂದ ಸುಮಾರು 655 ಕೋಟಿ! ಸೌರಶಕ್ತಿ ಕಳಪೆ ಎಂದು ಇದರ ಅರ್ಥವಲ್ಲ. ಅದಕ್ಕೆ ಕಲ್ಲಿದ್ದಲು ಬೇಡ, ಹೊಗೆಯಿಲ್ಲ, ಬೂದಿಯಿಲ್ಲ. ಪತ್ರಿಕೆಯಲ್ಲಿ 'ಇಷ್ಟು ಸಾವಿರ ಮೆಗಾವ್ಯಾಟ್' ಎಂದು ಓದಿದಾಗ 'ಯೂನಿಟ್ ಎಷ್ಟು?' ಎಂದು ಕೇಳಿಕೊಳ್ಳಬೇಕು, ಅಷ್ಟೆ.

ಕರೆಂಟ್ ಹೋದಾಗ

ಸೌರಫಲಕ ಕೊಡುವುದು ಟಾರ್ಚಿನ ಸೆಲ್ ಕೊಡುವಂಥ ನೇರ ವಿದ್ಯುತ್ತು, ಅಂದರೆ ಡಿ.ಸಿ. ಮನೆಯ ಮಿಕ್ಸಿ, ಫ್ರಿಜ್‌ಗಳಿಗೆ ಬೇಕಾದದ್ದು ಪರ್ಯಾಯ ವಿದ್ಯುತ್ತು, ಅಂದರೆ ಎ.ಸಿ. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವುದೇ ಇನ್ವರ್ಟರ್‌ನ ಕೆಲಸ. ಮನೆಗಳಲ್ಲಿ ಇನ್ವರ್ಟರ್ ಎಂದರೆ ಬ್ಯಾಟರಿ ಸಮೇತ ಮೂಲೆಯಲ್ಲಿ ಕೂತ ಪೆಟ್ಟಿಗೆ ಎಂಬ ಭಾವನೆಯಿದೆ. ಸೌರ ಇನ್ವರ್ಟರ್‌ಗೆ ಬ್ಯಾಟರಿ ಇರಲೇಬೇಕೆಂದಿಲ್ಲ.

ಅನೇಕರಿಗೆ ನಿರಾಸೆಯಾಗುವುದು ಇಲ್ಲೇ. ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಯಿದ್ದರೆ ಬೀದಿಯ ಕರೆಂಟ್ ಹೋದಾಗ ತಾರಸಿಯ ಕರೆಂಟೂ ನಿಲ್ಲುತ್ತದೆ, ನಡು ಮಧ್ಯಾಹ್ನವಾದರೂ ಸರಿ. ಇದು ದೋಷವಲ್ಲ. ಕಂಬ ಹತ್ತಿ ತಂತಿ ಸರಿಪಡಿಸುತ್ತಿರುವ ಲೈನ್‌ಮನ್‌ಗೆ ಯಾರದೋ ತಾರಸಿಯಿಂದ ಹರಿದು ಬಂದ ವಿದ್ಯುತ್ತು ತಗುಲಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ಇನ್ವರ್ಟರ್ ತಾನಾಗಿ ಸುಮ್ಮನಾಗುವಂತೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಇರುವ ವ್ಯವಸ್ಥೆಯನ್ನೇ ಕೇಳಬೇಕು. ಅದಕ್ಕೆ ಖರ್ಚು ಹೆಚ್ಚು.

ಹಗಲು ಮಿಕ್ಕಿದ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು, ರಾತ್ರಿ ಬೇಕಾದದ್ದನ್ನು ಜಾಲದಿಂದ ಪಡೆದು, ಕೊಡು-ಕೊಳ್ಳುವಿಕೆಯ ವ್ಯತ್ಯಾಸಕ್ಕೆ ಮಾತ್ರ ಬಿಲ್ ಕಟ್ಟುವುದಕ್ಕೆ 'ನೆಟ್ ಮೀಟರಿಂಗ್' ಎಂದು ಹೆಸರು. ಕೊನೆಗೆ ಉಳಿದ ಯೂನಿಟ್‌ಗೆ ಸಿಗುವ ದರ, ನಾವು ಕೊಳ್ಳುವ ದರದಷ್ಟೇ ಇರಬೇಕೆಂದಿಲ್ಲ. ಒಪ್ಪಂದವನ್ನು ಓದಿಯೇ ಸಹಿ ಹಾಕಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಫಲಾನುಭವಿಗಳಾಗಿ ಬಿಲ್‌ನಲ್ಲಿ ಸೊನ್ನೆ ಕಾಣುವ ಮನೆಯವರಿಗಂತೂ ಉಳಿತಾಯದ ಲೆಕ್ಕವೇ ಬೇರೆ.

ಸಂಜೆಯ ಸಮಸ್ಯೆ

ರಾಜ್ಯಕ್ಕೂ ಇದೇ ಚಿಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೇಡಿಕೆ ಏರುತ್ತದೆ, ಆಗಲೇ ಸೂರ್ಯ ಮುಳುಗುತ್ತಾನೆ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕಾಪಿಡುವ ಒಂದು ದಾರಿ 'ಪಂಪ್ಡ್ ಸ್ಟೋರೇಜ್'. ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿದ 2000 ಮೆಗಾವ್ಯಾಟ್‌ನ ಶರಾವತಿ ಯೋಜನೆ ಇಂಥದ್ದು. ಸಿಂಗಳೀಕಗಳ ಕಾಡಿನ ಗತಿಯೇನು ಎಂಬ ವಿರೋಧ ಅದಕ್ಕಿದೆ. ಇಲ್ಲಿಯೂ ಒಂದು ಮಾತು ಗೊತ್ತಿರಬೇಕು. ಎತ್ತಲು ಖರ್ಚಾಗುವ ಯೂನಿಟ್‌ಗಳಿಗಿಂತ ಮರಳಿ ಬರುವ ಯೂನಿಟ್‌ಗಳು ಕಡಿಮೆಯೇ. ಇದು ಹೊಸ ವಿದ್ಯುತ್ತಲ್ಲ, ಗಡಿಗೆಯಲ್ಲಿ ಎತ್ತಿಟ್ಟ ವಿದ್ಯುತ್ತು. ಪರವಾಗಿ ನಿಲ್ಲುವವರೂ ವಿರೋಧಿಸುವವರೂ ಈ ಲೆಕ್ಕ ತಿಳಿದು ಮಾತಾಡಿದರೆ ಚರ್ಚೆಗೆ ತೂಕ ಬರುತ್ತದೆ.

ಪಾಠ ಶುರುವಾಗಬೇಕಾದದ್ದು ಮನೆಯ ಮೀಟರಿನಿಂದಲೇ. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಮರುದಿನ ಬೆಳಿಗ್ಗೆ ಆರಕ್ಕೊಮ್ಮೆ ಮಕ್ಕಳು ಮೀಟರಿನ ಅಂಕಿ ಬರೆದುಕೊಳ್ಳಲಿ. ಹಗಲಿಗೆ ಎಷ್ಟು ಯೂನಿಟ್, ರಾತ್ರಿಗೆ ಎಷ್ಟು ಎಂಬುದು ತಿಳಿಯುತ್ತದೆ. ತಾರಸಿಗೆ ಎಷ್ಟು ಕಿಲೋವ್ಯಾಟ್ ಬೇಕು, ಅಸಲಿಗೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಮೂರು ಅಂಕಿಗಳಲ್ಲೇ ಇದೆ. ಅಪ್ಪ ಅಷ್ಟರೊಳಗೆ ಕನ್ನಡಕ ಹುಡುಕಿಟ್ಟುಕೊಂಡರೆ ಸಾಕು.