ಹ್ಯಾಂಡಿ ಸೆಟ್ಟಿನಿಂದ ಬಾಹ್ಯಾಕಾಶ ನಿಲ್ದಾಣದ ಮೂಲಕ ಮಾತು

5 ವ್ಯಾಟ್‌ನ ಹ್ಯಾಂಡಿ ಸೆಟ್ ಹಿಡಿದು ಎದುರಿನ ಗುಡ್ಡದಾಚೆಯ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಜೊತೆ ಮಾತಾಡುವುದೇ ಕಷ್ಟ. ಅದೇ ಸೆಟ್ಟಿನ ದನಿ 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ತಲುಪುತ್ತದೆ. ನಡುವೆ ಗುಡ್ಡವಿಲ್ಲ, ಕಟ್ಟಡವಿಲ್ಲ, ಗುಟ್ಟು ಅಷ್ಟೇ.

ಹ್ಯಾಮ್‌ಗಳಿಗಾಗಿ ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಎಂ ರಿಪೀಟರ್ ಒಂದನ್ನು ಚಾಲೂ ಮಾಡಿದರು. 145.990 ಮೆಗಾಹರ್ಟ್ಸ್‌ನಲ್ಲಿ ನಾವು ಕಳಿಸಿದ ಮಾತನ್ನು ಅದು 437.800ರಲ್ಲಿ ಕೆಳಕ್ಕೆ ಬಿತ್ತರಿಸುತ್ತದೆ. ಕಳಿಸುವಾಗ 67 ಹರ್ಟ್ಸ್ ಟೋನ್ ಸೇರಿಸದಿದ್ದರೆ ರಿಪೀಟರ್ ನಮ್ಮನ್ನು ಕೇಳಿಸಿಕೊಳ್ಳುವುದೇ ಇಲ್ಲ. ಗಗನಯಾತ್ರಿಗಳ ಹೊರನಡಿಗೆ, ನೌಕೆಗಳ ಜೋಡಣೆಯ ಹೊತ್ತಿನಲ್ಲಿ ಇದನ್ನು ಆಫ್ ಮಾಡಿರುತ್ತಾರೆ, ಮೊದಲೇ ವಿಚಾರಿಸಿಕೊಳ್ಳಿ.

ನಿಜವಾದ ಕಷ್ಟ ಕೇಳುವುದರಲ್ಲಿದೆ. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವುದರಿಂದ ಡಾಪ್ಲರ್ ಪರಿಣಾಮ ಜೋರಾಗಿಯೇ ಇರುತ್ತದೆ. ನಮ್ಮತ್ತ ಬರುವಾಗ ಅದು 437.810ರ ಆಸುಪಾಸಿನಲ್ಲಿ, ತೀರಾ ಹತ್ತಿರ ಬಂದಾಗ 437.800ರಲ್ಲಿ, ದೂರ ಸರಿಯುವಾಗ 437.790ರ ಕಡೆ ಕೇಳಿಸುತ್ತದೆ. ಐದೈದು ಕಿಲೋಹರ್ಟ್ಸ್ ಅಂತರದ ಐದು ಮೆಮೊರಿ ಚಾನೆಲ್ ಮಾಡಿಟ್ಟುಕೊಂಡು ಮೇಲಿನಿಂದ ಒಂದೊಂದಾಗಿ ಇಳಿಯುತ್ತ ಬನ್ನಿ. ಕಳಿಸುವ ಆವರ್ತನ ಐದರಲ್ಲೂ 145.990 ಇರಲಿ; ಅಲ್ಲಿ ಪಲ್ಲಟ ಕಡಿಮೆ, ತಿದ್ದಬೇಕಿಲ್ಲ. ಗದ್ದಲ ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ಸೆಟ್ಟಿನೊಂದಿಗೆ ಬರುವ ರಬ್ಬರ್ ಆಂಟೆನಾ ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವ ಪಾಸಿಗೆ ಸಾಕಾದೀತು, ಆದರೆ ನಾನು ಹೇಳುವುದು ಕೈಯಲ್ಲಿ ಹಿಡಿಯುವ ಸಣ್ಣ ಯಾಗಿ ಆಂಟೆನಾವನ್ನೇ. ಅದನ್ನು ನಿಲ್ದಾಣದತ್ತ ಹಿಡಿದು, ದನಿ ಕುಗ್ಗಿದಾಗ ಮಣಿಕಟ್ಟು ತಿರುಗಿಸಿ ನೋಡಿ. ಅಲೆಯ ಧ್ರುವೀಕರಣಕ್ಕೆ ಆಂಟೆನಾ ಹೊಂದಿಕೊಂಡ ಕೂಡಲೇ ಗದ್ದಲ ಕಳೆದು ಮಾತು ಎದ್ದು ಬರುತ್ತದೆ.

ಒಂದು ಪಾಸ್ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷದಷ್ಟು. ಒಂದು ಸಲಕ್ಕೆ ಒಬ್ಬರ ಮಾತಷ್ಟೇ ಸಾಗುತ್ತದೆ. ಬಿಡುವು ಸಿಕ್ಕಾಗ ಕಾಲ್‌ಸೈನ್, ನಿಮ್ಮ ಜಾಗದ ಗ್ರಿಡ್ ಸಂಕೇತ ಹೇಳಿ: ಬೆಂಗಳೂರು, ಮೈಸೂರಿಗೆ ಎಂಕೆ82, ಮಂಗಳೂರಿಗೆ ಎಂಕೆ72. ಆ ಕಡೆಯವರು ತಮ್ಮದನ್ನು ಹೇಳಿದರೆ ಸಂಪರ್ಕ ಪೂರ್ಣ. ರಿಪೀಟರ್ ಕೇಳಿಸದೆ ಪಿಟಿಟಿ (ಮಾತಾಡುವ ಗುಂಡಿ) ಒತ್ತುವಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ನಿಮಗೆ ಯಾರೂ ಕೇಳಿಸುವುದಿಲ್ಲ, ನಿಮ್ಮ ದನಿ ಮಾತ್ರ ದೇಶದುದ್ದಗಲ ಕೂತವರ ಮಾತನ್ನು ಕೆಡಿಸುತ್ತಿರುತ್ತದೆ.

ಮಾತಾಡಲು ಲೈಸೆನ್ಸ್ ಕಡ್ಡಾಯ. 12 ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಮನೆಯಲ್ಲಿ ಆಸಕ್ತಿಯ ಮಕ್ಕಳಿದ್ದರೆ ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಕರೆದೊಯ್ಯಿರಿ, ಜೊತೆಗೆ ನೀವೂ ಪರೀಕ್ಷೆಗೆ ಕೂತುಬಿಡಿ.