ಪಡಸಾಲೆಗೆ ಎಷ್ಟು ವ್ಯಾಟ್ ಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಸ್ಪೀಕರ್ ಕೊಳ್ಳಲು ಬಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ವ್ಯಾಟ್ಸು?’ ಎಂಬುದೇ. ಡಬ್ಬಿಯ ಮೇಲೂ ಅದೇ ದಪ್ಪಕ್ಷರದಲ್ಲಿ ರಾರಾಜಿಸುತ್ತಿರುತ್ತದೆ. ಅಗ್ಗದ ಸೆಟ್ಟಾದರೆ ಅಂಕಿಯ ಪಕ್ಕದಲ್ಲಿ ‘ಪಿಎಂಪಿಒ’ ಎಂದೂ ಇರುತ್ತದೆ. ಕ್ಷಣಮಾತ್ರ ಹಾಯ್ದುಹೋಗುವ ಗರಿಷ್ಠ ಶಕ್ತಿಯ ಲೆಕ್ಕವದು. ಅಳೆಯಲು ಎಲ್ಲರೂ ಒಪ್ಪಿದ ಪದ್ಧತಿಯೂ ಇಲ್ಲ. 2000 ಎಂದು ಬರೆದ ಪೆಟ್ಟಿಗೆ ಎಡೆಬಿಡದೆ ಕೊಡುವುದು ಇಪ್ಪತ್ತೋ ನಲವತ್ತೋ ವ್ಯಾಟ್ ಇದ್ದೀತು. ನಂಬಬಹುದಾದ ಅಂಕಿ ಈ ಎಡೆಬಿಡದ ಶಕ್ತಿಯನ್ನು ಹೇಳುವ ಆರ್‌ಎಂಎಸ್‌ನದು.

ಮನೆಯ ಬೈಠಕ್‌ಗೆ, ಅಂದರೆ ಪುಟ್ಟ ಸಂಗೀತಕೂಟಕ್ಕಾದರೆ, ಆ ಅಂಕಿಯ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಕಿಲ್ಲ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 90 ಡೆಸಿಬೆಲ್ ಸದ್ದು ಮಾಡುವ ಸಾಧಾರಣ ಸ್ಪೀಕರಿಗೆ 10 ವ್ಯಾಟ್ ಕೊಟ್ಟರೆ ಅದು 100 ಡೆಸಿಬೆಲ್ ಮುಟ್ಟುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆಂದು ಹಿಡಿದರೂ 4 ಮೀಟರ್ ಆಚೆ ಕೂತವರಿಗೆ 88 ಸಿಕ್ಕಿತು. ಪಕ್ಕದವರೊಂದಿಗೆ ಮಾತಾಡಲು ಕಿರುಚಬೇಕಾದಷ್ಟು ಸದ್ದು ಅದು. ವ್ಯಾಟ್ ಇಮ್ಮಡಿ ಮಾಡಿದರೆ ಹೆಚ್ಚುವುದು ಬರೇ 3 ಡೆಸಿಬೆಲ್. 100ರ ಜಾಗದಲ್ಲಿ 200 ವ್ಯಾಟ್ ತಂದವರ ಹೆಚ್ಚುವರಿ ದುಡ್ಡು ಈ ಮೂರಕ್ಕೆ ಹೋಯಿತು.

ಹಾಗೆ ನೋಡಿದರೆ ಮನೆಯ ಸಂಗೀತಕ್ಕೆ ಮೈಕು ಬಂದದ್ದೇ ತೀರ ಈಚೆಗೆ. ಧಾರವಾಡದ ಪಡಸಾಲೆ, ಮೈಸೂರಿನ ತೊಟ್ಟಿಮನೆ, ದಕ್ಷಿಣ ಕನ್ನಡದ ಚಾವಡಿಯ ತಾಳಮದ್ದಳೆ, ಎಲ್ಲವೂ ಬರಿಗಂಟಲಿನ ಮೇಲೆ ನಡೆದವು. ಇಂದಿಗೂ ಮೂವತ್ತು–ನಲವತ್ತು ಮಂದಿ ಜಮಖಾನದ ಮೇಲೆ ಕೂತ ಕೋಣೆಯಲ್ಲಿ ಖ್ಯಾಲ್ ಹಾಡುವವರಿಗೆ ಮೈಕಿನ ಹಂಗಿಲ್ಲ. ಬೇಕಾಗುವುದು ಸಣ್ಣ ದನಿಯವರಿಗೆ: ವೀಣೆಗೆ, ಮೆಲುದನಿಯಲ್ಲಿ ಭಾವಗೀತೆ ಹಾಡುವವರಿಗೆ, ಚೆಂಡೆ ಏರಿದಾಗ ಭಾಗವತರಿಗೆ. ಈ ಸಣ್ಣ ದನಿಯನ್ನು ಒಂದಿಷ್ಟು ಎತ್ತಿಕೊಟ್ಟರೆ ಸಾಕು. ತಬಲಾದ ಮುಂದೆ ಎರಡು, ಹಾರ್ಮೋನಿಯಂ ಮುಂದೊಂದು ಎಂದು ಮೈಕು ನೆಟ್ಟು ಎಲ್ಲವನ್ನೂ ಸ್ಪೀಕರಿಗೆ ಹರಿಸಿದ ಮನೆಯಲ್ಲಿ ಹಾಡೊಂದು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ.

ಆದ್ದರಿಂದ ಮೊದಲ ಖರ್ಚು ಮೈಕಿಗೆ. ಶೂರ್ ಕಂಪನಿ 1966ರಲ್ಲಿ ತಂದ ಎಸ್‌ಎಂ58 ಇವತ್ತಿಗೂ ವೇದಿಕೆಗಳಲ್ಲಿ ಕಾಣುವುದಕ್ಕೆ ಕಾರಣವಿದೆ. ಇದು ಡೈನಾಮಿಕ್ ಮೈಕ್. ವಿದ್ಯುತ್ ಬೇಡ, ಕೈಜಾರಿ ಬಿದ್ದರೂ ತಾಳಿಕೊಳ್ಳುತ್ತದೆ, ಮುಂದಿನ ದನಿಯನ್ನು ಹಿಡಿದು ಬೆನ್ನ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡಾಗುತ್ತದೆ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೇ ನುಗ್ಗಿ ‘ಕುಂಯ್’ ಎನ್ನುವ ಕಾಟ, ಅಂದರೆ ಫೀಡ್‌ಬ್ಯಾಕ್, ತಗ್ಗುವುದು ಈ ಗುಣದಿಂದಲೇ. ಸ್ಪೀಕರುಗಳನ್ನು ಹಾಡುವವರಿಗಿಂತ ಮುಂದಿಟ್ಟು ಕೇಳುಗರತ್ತ ತಿರುಗಿಸಿದರೆ ಉಳಿದ ಕಾಟವೂ ಹೆಚ್ಚುಕಡಿಮೆ ತೀರುತ್ತದೆ. ಅಸಲಿ ಎಸ್‌ಎಂ58ರ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಅದೇ ಹೆಸರು, ಅದೇ ಡಬ್ಬಿಯಲ್ಲಿ ಎರಡು ಸಾವಿರಕ್ಕೆ ಸಿಕ್ಕಿತೆಂದರೆ ನಕಲಿ ಎಂದೇ ತಿಳಿಯಬೇಕು. ಲೋಕದಲ್ಲಿ ಅತಿ ಹೆಚ್ಚು ನಕಲಾಗುವ ಮೈಕುಗಳಲ್ಲಿ ಇದೂ ಒಂದು.

ಮೈಕು ಹಿಡಿಯುವುದಕ್ಕೂ ಒಂದು ಹದವಿದೆ. ತುಟಿಗೆ ತಾಗಿಸಿದಷ್ಟೂ ದನಿಯ ಮಂದ್ರ ಉಬ್ಬಿಕೊಳ್ಳುತ್ತದೆ. ತೆಳು ಕಂಠದವರಿಗೆ ಅದೇ ವರ, ಗಡಸು ಕಂಠದವರಿಗೆ ಶಾಪ. ಪ, ಫ, ಬ, ಭ ಬಂದಾಗಲೆಲ್ಲ ಬಾಯಿಂದ ಗಾಳಿ ನೇರ ಮುಂದಕ್ಕೆ ಹೊಡೆಯುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಗಲ್ಲದ ಕಡೆಯಿಂದ ಕೊಂಚ ಓರೆಯಾಗಿಸಿ, ನಾಲ್ಕಾರು ಬೆರಳು ದೂರ ನಿಲ್ಲಿಸಿದರೆ ‘ಪುರಂದರ’ ಎಂದಾಗ ಸ್ಪೀಕರು ‘ಡಬ್’ ಎನ್ನುವುದಿಲ್ಲ.

ಸ್ಪೀಕರಿಗೆ ಬಂದರೆ, ಊರಿನ ಮೈಕ್‌ಸೆಟ್‌ನವರ ಬಳಿ ಕಾಣುವ ಅಹುಜಾ ಆಂಪ್ಲಿಫೈಯರುಗಳು ಗಟ್ಟಿಗ ಯಂತ್ರಗಳು, ರಿಪೇರಿಯೂ ಸುಲಭ. ಜೊತೆಗೆ ಕಟ್ಟುವ ಹಾರ್ನ್ ಮಾತ್ರ ಜಾತ್ರೆಗೆ, ಮೆರವಣಿಗೆಗೆ ಸರಿ. ಮನೆಯೊಳಗೆ ಕಿವಿ ಕೊರೆಯುತ್ತದೆ. ಆಂಪ್ಲಿಫೈಯರ್ ಒಳಗೇ ಇರುವ, 8 ಇಲ್ಲವೇ 10 ಇಂಚಿನ ಪವರ್ಡ್ ಸ್ಪೀಕರ್ ಒಂದು ಜೊತೆ, ನಾಲ್ಕೈದು ಚಾನಲ್ಲಿನ ಸಣ್ಣ ಮಿಕ್ಸರ್ ಒಂದು, ಇಷ್ಟರಲ್ಲಿ ಮನೆಯ ಕೆಲಸ ಮುಗಿಯುತ್ತದೆ. ಬ್ಲೂಟೂತ್ ಪೆಟ್ಟಿಗೆಗಳು ಹಾಡು ಹಾಕಿ ಕುಣಿಯಲು ಚೆಂದ. ಮೈಕಿನ ದನಿಯನ್ನು ಬ್ಲೂಟೂತ್ ಮೂಲಕ ಕಳಿಸಿದರೆ ಅದು ಹತ್ತನೇ ಒಂದು ಸೆಕೆಂಡೋ ಇನ್ನೂ ಹೆಚ್ಚೋ ತಡವಾಗಿ ಕೇಳುತ್ತದೆ, ತಾಳಕ್ಕೆ ಅಷ್ಟೇ ಸಾಕು ಕೆಡಲು. ಇನ್ನು ವರ್ಷಕ್ಕೊಂದೆರಡು ಬೈಠಕ್ ಇಡುವವರು ಏನನ್ನೂ ಕೊಳ್ಳದೆ ಬಾಡಿಗೆಗೆ ತರುವುದೇ ಜಾಣತನ.

ರೆಕಾರ್ಡಿಂಗ್ ಬೇರೆಯೇ ಕಸುಬು. ಅನೇಕರು ಎಡವುವುದು ಇಲ್ಲೇ: ಮಿಕ್ಸರಿನಿಂದ ಒಂದು ವೈರು ಲ್ಯಾಪ್‌ಟಾಪಿಗೆ ಎಳೆದರೆ ಕಛೇರಿ ದಾಖಲಾಯಿತೆಂದು ನಂಬುತ್ತಾರೆ. ಸ್ಪೀಕರಿಗೆ ಬೇಡವೆಂದು ತಬಲಾಕ್ಕೆ ಮೈಕು ಇಟ್ಟಿರಲಿಲ್ಲವಲ್ಲ. ಹಾಗಾಗಿ ಆ ವೈರಿನಲ್ಲಿ ತಬಲಾ ಇರುವುದೇ ಇಲ್ಲ, ಹಾಡುವವರ ಮೈಕಿಗೆ ಸೋರಿ ಬಂದ ಅದರ ನೆರಳು ಇರುತ್ತದೆ. ಯಮಹಾ ಎಂಜಿ10ಎಕ್ಸ್‌ಯು ತರಹದ ಯುಎಸ್‌ಬಿ ಮಿಕ್ಸರುಗಳೂ ಕಂಪ್ಯೂಟರಿಗೆ ಕಳಿಸುವುದು ಕಲಸಿ ಮುಗಿದ ಎಡ–ಬಲ ಎರಡೇ ಎಳೆ. ಪ್ರತಿ ವಾದ್ಯವೂ ಬೇರೆ ಟ್ರ್ಯಾಕ್ ಆಗಬೇಕೆಂದರೆ ನಾಲ್ಕು ಮೈಕು ತೆಗೆದುಕೊಳ್ಳುವ ಬೆರಿಂಜರ್ ಯುಎಂಸಿ404ಎಚ್‌ಡಿ ಥರದ ಆಡಿಯೊ ಇಂಟರ್‌ಫೇಸ್ ಬೇಕು. ಒಬ್ಬರೇ ಹಾಡಿಕೊಳ್ಳುವುದಾದರೆ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಧಾರಾಳ. ಸಂಕಲನಕ್ಕೆ 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿರುವ ಅಡಾಸಿಟಿ ತಂತ್ರಾಂಶ ಇದೆ.

ಆದರೂ ಮನೆಯ ಬೈಠಕ್ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು ಜೂಮ್ ಎಚ್1ಎನ್‌ನಂತಹ ಅಂಗೈಯಗಲದ ಸ್ಟೀರಿಯೊ ರೆಕಾರ್ಡರ್. ಅದರ ತಲೆಯಲ್ಲಿ ಎರಡು ಮೈಕು ಅಡ್ಡಡ್ಡ ಕೂತಿರುತ್ತವೆ. ಸ್ಟ್ಯಾಂಡಿಗೆ ಏರಿಸಿ, ಕಲಾವಿದರ ಮುಂದೆ ಐದಾರು ಅಡಿ ದೂರದಲ್ಲಿ, ಕೂತವರ ತಲೆಗಿಂತ ತುಸು ಎತ್ತರಕ್ಕೆ ನಿಲ್ಲಿಸಿ, ಸ್ವಲ್ಪ ಹಿಂದೆ ಮುಂದೆ ಸರಿಸಿ ಹೆಡ್‌ಫೋನಿನಲ್ಲಿ ಕೇಳಿದರೆ ಕಂಠ–ತಬಲಾಗಳ ತೂಕ ತಾನಾಗಿ ಕೂಡಿಬರುವ ಜಾಗವೊಂದು ಸಿಗುತ್ತದೆ. ಮಟ್ಟ ಹೊಂದಿಸುವಾಗ ಆಲಾಪವನ್ನು ನಂಬಬಾರದು. ದ್ರುತ್‌ನ ತಾನುಗಳನ್ನು ಒಮ್ಮೆ ಹಾಡಿಸಿ, ಮೀಟರು ಮೈನಸ್ 12ರ ಹತ್ತಿರ ಆಡುವಂತೆ ಇಟ್ಟುಕೊಳ್ಳಬೇಕು. ಸೊನ್ನೆ ದಾಟಿ ಒಡೆದ ದನಿಯನ್ನು ಸಾಮಾನ್ಯ ರೆಕಾರ್ಡಿಂಗಿನಲ್ಲಿ ಪೂರ್ತಿ ನೆಟ್ಟಗೆ ಮಾಡಲಾಗದು. ಬರೀ ಮೊಬೈಲೇ ಗತಿ ಎನ್ನುವವರಿಗೆ 6 ಮೀಟರ್ ವೈರಿನ ಬೋಯಾ ಬಿವೈ-ಎಂ1 ಕಾಲರ್ ಮೈಕು ಅಗ್ಗದ ಆಸರೆ.

ಸೂಕ್ಷ್ಮ ಮೈಕು ತಂದ ಮೇಲೆ ಮನೆಯಲ್ಲಿ ಇಷ್ಟೊಂದು ಸದ್ದಿತ್ತೇ ಎಂದು ಗಾಬರಿಯಾಗುವುದುಂಟು. ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಕುಕ್ಕರ್ ಎಲ್ಲವೂ ಹಾಜರು. ಗಾರೆ ನೆಲ, ಟೈಲ್ಸು, ಬೋಳು ಗೋಡೆಗಳ ಹಾಲ್‌ನಲ್ಲಿ ದನಿ ಗೋಡೆಯಿಂದ ಗೋಡೆಗೆ ಪುಟಿದು ಅಕ್ಷರಗಳು ಕಲಸಿಹೋಗುತ್ತವೆ. ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು, ಗೋಡೆಗೆ ಒರಗಿಸಿದ ಹಾಸಿಗೆ ಇದಕ್ಕೆ ಮದ್ದು, ಖರ್ಚೂ ಇಲ್ಲ. ಕರೆಂಟು ಹೋಗಿ ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರ್ ಶುರುವಾದಾಗ ಕೇಳುವ ‘ಗುರ್ರ್’ ಸದ್ದಿಗೆ ಲ್ಯಾಪ್‌ಟಾಪನ್ನೂ ರೆಕಾರ್ಡರನ್ನೂ ಬ್ಯಾಟರಿಯಲ್ಲೇ ನಡೆಸುವುದು ಸರಳ ಉಪಾಯ.

ನೆರೆಮನೆಯವರ ವಿಚಾರದಲ್ಲಿ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಖಾಸಗಿ ಸೌಂಡ್ ಸಿಸ್ಟಂನ ಸದ್ದು ಮನೆಯ ಗಡಿಯಲ್ಲಿ ಇದಕ್ಕಿಂತ 5 ಡೆಸಿಬೆಲ್ ಮೀರುವಂತಿಲ್ಲ. ಹತ್ತು ಗಂಟೆಯ ನಂತರದ ಭೈರವಿಯನ್ನು ಮೈಕು ಆರಿಸಿಯೇ ಹಾಡಿಸುವುದು ಕ್ಷೇಮ.

ಮನೆ ಧ್ವನಿಮುದ್ರಣ ಮಾಡುವವರು ಗೌಹರ್ ಜಾನ್ ಅವರಿಂದ ಕಲಿಯಬೇಕಾದದ್ದೂ ಒಂದಿದೆ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಗಾಯಕಿ 1902ರಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ರೆಕಾರ್ಡಿಂಗ್ ಯಂತ್ರದ ಕಹಳೆಗೆ ಮುಖವೊಡ್ಡಿ ಮೂರು ನಿಮಿಷದೊಳಗೆ ಹಾಡು ಮುಗಿಸಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಜರ್ಮನಿಯಲ್ಲಿ ರೆಕಾರ್ಡ್ ಒತ್ತುವವರಿಗೆ ಅದು ಯಾರ ಹಾಡೆಂದು ತಿಳಿಯಬೇಕಿತ್ತು. ಇಂದಿನ ಫೋನು, ಮೆಮೊರಿ ಕಾರ್ಡುಗಳಲ್ಲಿ ‘ಆಡಿಯೊ 0047’ ಎಂಬ ಹೆಸರಿನಲ್ಲಿ ಅದೆಷ್ಟೋ ಬೈಠಕ್‌ಗಳು ಬಿದ್ದಿವೆ. ರೆಕಾರ್ಡರ್ ಒತ್ತಿದ ಕೂಡಲೇ ದಿನಾಂಕ, ಊರು, ಹಾಡುವವರು, ಪಕ್ಕವಾದ್ಯದವರು, ರಾಗ ಇಷ್ಟನ್ನು ಬಾಯಲ್ಲೇ ಹೇಳಿಬಿಡಬಹುದು. 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೊ ವೇವ್ ಫೈಲು ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಎಂಪಿ3 ಮಾಡಿ ಹಂಚುವ ಮೊದಲು ಮೂಲ ಫೈಲಿನ ಎರಡು ಪ್ರತಿ ಬೇರೆ ಬೇರೆ ಡ್ರೈವ್‌ಗಳಲ್ಲಿರಲಿ.